ಸೆಕೆಂಡ್ ಹ್ಯಾಂಡ್ ಮಸ್ಟಾಂಗ್ ತುಮಕೂರಿನಲ್ಲಿ ಇಟ್ಟುಕೊಳ್ಳಬಹುದಾ? ಮೂರು ಗಾಡಿ ನೋಡಿದ್ದೇನೆ

ಗುಬ್ಬಿಗೇಟ್_ಕೊಬ್ಬರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ತುಮಕೂರಿನ ಗುಬ್ಬಿ ಗೇಟ್ ಹತ್ತಿರ. ತೋಟ ಗುಬ್ಬಿ ದಾಟಿ ಎಂಟು ಕಿಲೋಮೀಟರ್ ಒಳಗೆ. ಕೊಬ್ಬರಿ ವ್ಯಾಪಾರ. ನಮ್ಮ ತಂದೆ ರಸ್ತೆಯಲ್ಲಿ ಯಾವ ದೊಡ್ಡ ಕಾರು ಹೋದರೂ "ನೋಡೋ, ಇಂಪಾಲಾ" ಅನ್ನುತ್ತಿದ್ದರು. ಅದು ಇಂಪಾಲಾ ಆಗಿರಬೇಕು ಅಂತೇನೂ ಇರಲಿಲ್ಲ. ಅದನ್ನು ಕೇಳಿ ಕೇಳಿಯೇ ನನಗೆ ಅಮೆರಿಕದ ಕಾರಿನ ಆಸೆ ಹತ್ತಿದ್ದು. ಈಗ ನನಗೆ 43. ಸಾಲ ಎಲ್ಲ ತೀರಿದೆ, ಮನೆ ಓಡಾಟಕ್ಕೆ ಇನ್ನೋವಾ ಇದೆ. ಇದು ಎರಡನೇ ಕಾರು, ವಾರಕ್ಕೆ ಒಂದೆರಡು ಸಲ ತೆಗೆಯೋಕೆ. ಬಜೆಟ್ ಎಲ್ಲ ಸೇರಿ 55 ಲಕ್ಷ, ಅದರ ಮೇಲೆ ಒಂದು ರೂಪಾಯಿ ಇಲ್ಲ ಅಂತ ಮನೆಯವರಿಗೆ ಮಾತು ಕೊಟ್ಟಿದ್ದೇನೆ.

ಮೂರು ಗಾಡಿ ನೋಡಿದ್ದೇನೆ. ಮೊದಲನೆಯದು 2017ರ ಫೋರ್ಡ್ ಮಸ್ಟಾಂಗ್ ಜಿಟಿ, ಕೆಂಪು, ಬೆಂಗಳೂರು ರಿಜಿಸ್ಟ್ರೇಷನ್, ಇಬ್ಬರು ಓನರ್ ಆಗಿದ್ದಾರೆ, 31,000 ಕಿಲೋಮೀಟರ್ ಓಡಿದೆ, 54 ಲಕ್ಷ ಕೇಳುತ್ತಿದ್ದಾರೆ. ಎರಡನೆಯದು ಅದೇ ಮಸ್ಟಾಂಗ್, ಪುದುಚೇರಿ ನಂಬರು, ಗಾಡಿ ಇರುವುದು ಮಾತ್ರ ಬೆಂಗಳೂರಿನಲ್ಲಿ, 46 ಲಕ್ಷ. ಮೂರನೆಯದು ಡಾಡ್ಜ್ ಚಾಲೆಂಜರ್, ಸ್ಟೀರಿಂಗ್ ಎಡಗಡೆ. ದುಬೈನಿಂದ ಬಂದದ್ದಂತೆ, "ಪೇಪರ್ ನಾವು ಮಾಡಿಸಿಕೊಡುತ್ತೇವೆ ಸಾರ್" ಅನ್ನುತ್ತಾನೆ ಬ್ರೋಕರ್. ಬರೀ 28 ಲಕ್ಷ. ನಿಜ ಹೇಳುತ್ತೇನೆ, ನೋಡೋಕೆ ಮೂರರಲ್ಲಿ ಮನಸ್ಸು ಹಿಡಿದದ್ದು ಆ ಚಾಲೆಂಜರ್.

ಪ್ರಶ್ನೆ ಇಷ್ಟೇ. ಯಾವುದು ತಗೊಳ್ಳಲಿ? ನಮ್ಮ ಊರಿನ ರಸ್ತೆಯಲ್ಲಿ ಇದು ಓಡುತ್ತಾ? ಅಥವಾ ಇನ್ನೊಂದಿಷ್ಟು ದುಡ್ಡು ಕೂಡಿಸಿ ಹೊಸದನ್ನೇ ತರಿಸಬೇಕಾ?

ನಂದಿ_ಕಾಗದಪತ್ರ

ನಾನು ಚಿಕ್ಕಬಳ್ಳಾಪುರದಲ್ಲಿ ಗಾಡಿ ಕಾಗದದ ಕೆಲಸ ಮಾಡುವವನು, ಇಪ್ಪತ್ತು ವರ್ಷ ಆಯಿತು. ಮೊದಲು ಚಾಲೆಂಜರ್ ಮಾತು ಮುಗಿಸಿಬಿಡೋಣ ಅಣ್ಣ, ಯಾಕಂದರೆ ಅದಕ್ಕೆ ಅಡ್ವಾನ್ಸ್ ಕೊಟ್ಟುಬಿಡುತ್ತೀರಾ ಅಂತ ನನಗೆ ಭಯ ಆಗುತ್ತಿದೆ.

ಡಾಡ್ಜ್‌ನವರು ಚಾಲೆಂಜರನ್ನು ಬಲಗಡೆ ಸ್ಟೀರಿಂಗ್ ಇಟ್ಟು ಫ್ಯಾಕ್ಟರಿಯಿಂದ ಯಾವತ್ತೂ ಕೊಟ್ಟಿಲ್ಲ. ಕೆನಡಾದ ಬ್ರಾಂಪ್ಟನ್‌ನಲ್ಲಿ ತಯಾರಾಗುತ್ತಿತ್ತು, 2023ರ ಕೊನೆಗೆ ಅದೂ ನಿಂತಿತು. ನಮ್ಮ ದೇಶದ ಆಮದು ನಿಯಮದಲ್ಲಿ ಹೊಸದಾಗಲಿ ಹಳೆಯದಾಗಲಿ ಕಾರಿನ ಸ್ಟೀರಿಂಗ್ ಬಲಗಡೆ ಇರಬೇಕು. ಹಳೇ ಕಾರಾದರೆ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಮುಂಬೈ ಬಂದರಿನಿಂದಲೇ ಒಳಗೆ ಬರಬೇಕು. ಹಾಗಿದ್ದಮೇಲೆ ಇದು ಬಂದದ್ದು ಹೇಗೆ? ಹೆಚ್ಚಾಗಿ ಕಾರ್ನೆ ಅನ್ನುವ ಕಾಗದದ ಮೇಲೆ. ಹೊರದೇಶದವರು ತಮ್ಮ ಕಾರನ್ನು ಸ್ವಲ್ಪ ದಿನದ ಮಟ್ಟಿಗೆ ಸುಂಕ ಕಟ್ಟದೆ ತಂದು, ಓಡಾಡಿ, ವಾಪಸ್ ತೆಗೆದುಕೊಂಡು ಹೋಗೋಕೆ ಇರುವ ಕಾಗದ ಅದು. ಆ ಕಾರನ್ನು ಇಲ್ಲಿ ಮಾರುವ ಹಾಗೇ ಇಲ್ಲ. ಕಸ್ಟಮ್ಸ್‌ನವರು ಬಂದರೆ ಗಾಡಿ ಜಪ್ತಿ, ನಿಮ್ಮ 28 ಲಕ್ಷ ಹೋಯಿತು, ಕೇಸಿಗೆ ಅಲೆಯುವುದು ಬೇರೆ. ಬ್ರೋಕರ್ ಹತ್ತಿರ ಒಂದೇ ಒಂದು ಕಾಗದ ಕೇಳಿ: ಬಿಲ್ ಆಫ್ ಎಂಟ್ರಿ. ಸುಂಕ ಕಟ್ಟಿ ಬಂದ ಗಾಡಿಗೆ ಅದು ಇದ್ದೇ ಇರುತ್ತೆ. "ನಾಳೆ ತೋರಿಸುತ್ತೇನೆ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಪುದುಚೇರಿ ಗಾಡಿ ಕಳ್ಳ ಗಾಡಿ ಅಂತ ನಾನು ಹೇಳಲ್ಲ. ಆದರೆ ಎಂಟು ಲಕ್ಷ ಕಮ್ಮಿ ಯಾಕೆ ಅಂತ ಯೋಚನೆ ಮಾಡಿ. ಅಲ್ಲಿ ರೋಡ್ ಟ್ಯಾಕ್ಸ್ ಬಹಳ ಕಮ್ಮಿ. ನಮ್ಮ ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆ 18 ಪರ್ಸೆಂಟ್, ಮೇಲೆ ಸೆಸ್. ಮಸ್ಟಾಂಗ್ 2016ರಲ್ಲಿ ಬಂದಾಗ ದೆಹಲಿ ಶೋರೂಮ್ ಬೆಲೆ 65 ಲಕ್ಷ. ಅದರ 18 ಪರ್ಸೆಂಟ್ ಅಂದರೆ 11.70 ಲಕ್ಷ. ಗಾಡಿ ವಯಸ್ಸು ನೋಡಿ ಕಡಿತ ಕೊಡುತ್ತಾರೆ ನಿಜ, ಆದರೂ ನೀವು ಕಟ್ಟುವುದು ಲಕ್ಷಗಳಲ್ಲೇ. ಜೊತೆಗೆ ಅಲ್ಲಿಂದ ಅಡ್ಡಿ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ ತರಬೇಕು, ಇಲ್ಲಿ ತುಮಕೂರಿನ ನಂಬರು ಕೆಎ-06ಕ್ಕೆ ಹಾಕಿಸಬೇಕು. ಹಾಗೇ ಓಡಿಸುತ್ತೇನೆ ಅಂದುಕೊಳ್ಳಬೇಡಿ, 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹೊರ ರಾಜ್ಯದ ನಂಬರಿನ ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆಯವರು ಹೇಗೆ ಹಿಡಿದರು ಅಂತ ಪೇಪರಿನಲ್ಲಿ ಓದಿರುತ್ತೀರಿ. ತುಮಕೂರಿನಂಥ ಊರಿನಲ್ಲಿ ಒಂದು ಕೆಂಪು ಮಸ್ಟಾಂಗ್ ಯಾರ ಕಣ್ಣಿಗೂ ಬೀಳದೆ ಓಡಾಡೋಕೆ ಆಗುತ್ತಾ?

ಹೊಸದು ತರಿಸುವುದು ನಿಮ್ಮ ಬಜೆಟ್‌ಗೆ ಆಗದ ಮಾತು. ಫೋರ್ಡ್‌ನವರು 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಇಲ್ಲಿ ಮಸ್ಟಾಂಗ್ ಮಾರುವುದನ್ನು ನಿಲ್ಲಿಸಿದರು. ನೀವೇ ತರಿಸಬೇಕು ಅಂದರೆ ತಯಾರಾದ ದೇಶದಿಂದಲೇ ಬರಬೇಕು, ಸ್ಪೀಡೋಮೀಟರ್ ಕಿಲೋಮೀಟರ್‌ನಲ್ಲಿ ಇರಬೇಕು, ಹೆಡ್‌ಲೈಟ್ ನಮ್ಮ ಎಡಬದಿ ಓಡಾಟಕ್ಕೆ ಹೊಂದಬೇಕು. ಸುಂಕವೇ ಕಾರಿನ ಬೆಲೆಗಿಂತ ಜಾಸ್ತಿ ಆಗುತ್ತೆ.

ನನ್ನ ಕೈಲಿ ಕೇಳಿದರೆ ಮೊದಲನೆಯದು. ಆರ್‌ಸಿಯಲ್ಲಿ ಬ್ಯಾಂಕ್ ಸಾಲ ತೋರಿಸುತ್ತಿದ್ದರೆ, ಸಾಲ ತೀರಿತು ಅನ್ನುವ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಗಾಡಿ ಹೆಸರು ಬದಲಾಯಿಸುವ ಫಾರ್ಮ್ 29, 30ಕ್ಕೆ ಓನರ್ ನಿಮ್ಮ ಎದುರಿಗೇ ಸಹಿ ಹಾಕಲಿ.

ಅಂತರಗಂಗೆ_ವಿ8

ಕೋಲಾರದಿಂದ ಬರೆಯುತ್ತಿದ್ದೇನೆ. ನನ್ನ ಹತ್ತಿರ ಇದೇ ಮಸ್ಟಾಂಗ್ ಇದೆ, ನಾನೂ ಸೆಕೆಂಡ್ ಹ್ಯಾಂಡ್‌ನಲ್ಲೇ ತಗೊಂಡದ್ದು, ನಾಲ್ಕನೇ ವರ್ಷ ನಡೆಯುತ್ತಿದೆ. ಕಾಗದದ ವಿಷಯ ಮೇಲಿನವರು ಹೇಳಿದ್ದಾರೆ, ಒಂದಕ್ಷರ ಬದಲಾಯಿಸಬೇಕಾಗಿಲ್ಲ. ನಾನು ಜೊತೆಗೆ ಬದುಕುವ ವಿಷಯ ಹೇಳುತ್ತೇನೆ.

ಈ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು 137 ಮಿಲಿಮೀಟರ್. ನಿಮ್ಮ ಬೀದಿಯ ಸ್ವಿಫ್ಟ್‌ಗೆ 163 ಇದೆ. ಮೇಲಾಗಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2,720 ಮಿಲಿಮೀಟರ್ ದೂರ, ಹಾಗಾಗಿ ಹಂಪ್ ಮೇಲೆ ಮುಂದಿನ ಚಕ್ರ ದಾಟಿದರೂ ನಡುಹೊಟ್ಟೆ ತಗಲುತ್ತೆ. ಹೆದ್ದಾರಿ ಹಂಪ್‌ಗಳು ಪರವಾಗಿಲ್ಲ. ಹಳ್ಳಿಯಲ್ಲಿ ಜನರೇ ಜಲ್ಲಿ ಮಣ್ಣು ಸುರಿದು ಮಾಡಿಕೊಂಡ ಹಂಪ್ ಇರುತ್ತಲ್ಲ, ಅದು ಕಷ್ಟ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು. ನಾನು ಮೊದಲನೇ ತಿಂಗಳಲ್ಲೇ ಟೊಮೆಟೊ ಮಂಡಿ ಕಡೆ ರಸ್ತೆಯಲ್ಲಿ ಮುಂದಿನ ಬಂಪರಿನ ಕೆಳಗಿನ ತುಟಿ ಒಡೆದುಕೊಂಡೆ. ಆ ಪ್ಲಾಸ್ಟಿಕ್ ತುಂಡು ಬರೋಕೆ ಏಳು ವಾರ ಆಯಿತು. ಸರ್ವಿಸ್ ಈಗಲೂ ಬೆಂಗಳೂರಿನಲ್ಲಿ ಸಿಗುತ್ತೆ, ಆದರೆ ಕಾಯುವ ಮನಸ್ಸು ಇರಬೇಕು.

ತೋಟಕ್ಕೆ ಇದನ್ನು ಒಯ್ಯಬೇಡಿ. ಇನ್ನೋವಾ ಇದೆಯಲ್ಲ. ನಿಮ್ಮ ಮನೆಯಿಂದ ಬಿ.ಎಚ್. ರಸ್ತೆಗೆ, ಅಲ್ಲಿಂದ ಹೆದ್ದಾರಿಗೆ ಎಷ್ಟು ಹಂಪ್ ಅಂತ ಇವತ್ತೇ ನಡೆದುಕೊಂಡು ಹೋಗಿ ಎಣಿಸಿ. ಕಾರು ಕೊಳ್ಳುವುದಕ್ಕೆ ಮುಂಚೆ ಮಾಡಬೇಕಾದ ಕೆಲಸ ಅದು. ಮನೆ ಗೇಟಿನ ಇಳಿಜಾರು ಕಡಿದಾಗಿದ್ದರೆ ಅದನ್ನೂ ನೋಡಿ.

ಪೆಟ್ರೋಲ್ ನನಗೆ ಊರೊಳಗೆ ಲೀಟರಿಗೆ ಐದು ಕಿಲೋಮೀಟರ್, ಮುಳಬಾಗಿಲು ಕಡೆ ಹೆದ್ದಾರಿಯಲ್ಲಿ ನೆಮ್ಮದಿಯಾಗಿ ಹೋದರೆ ಒಂಬತ್ತು. ಲೀಟರ್ ನೂರು ರೂಪಾಯಿ ದಾಟಿರುವ ಕಾಲದಲ್ಲಿ ಇದನ್ನು ಮೊದಲೇ ಒಪ್ಪಿಕೊಂಡು ಹೋಗಬೇಕು. ಹಿಂದಿನ ಸೀಟು ಮಕ್ಕಳಿಗೆ ಸಾಕು, ದೊಡ್ಡವರಿಗೆ ಮಂಡಿ ಮಡಚೋಕೂ ಜಾಗ ಇಲ್ಲ. ಮಳೆ ಬಂದಾಗ ತುಂಬ ಹುಷಾರು. ಎಳೆಯುವುದು ಹಿಂದಿನ ಚಕ್ರ, 515 ನ್ಯೂಟನ್ ಮೀಟರ್ ಎಳೆತ, ಒದ್ದೆ ರಸ್ತೆ. ಕಾಲು ಸ್ವಲ್ಪ ಜಾಸ್ತಿ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಹೋಗುತ್ತೆ. ಮೊದಲ ಮಳೆಗಾಲದಲ್ಲಿ ನರಸಾಪುರದ ಹತ್ತಿರ ನನಗೆ ಹಾಗಾಗಿ ಕೈಕಾಲು ತಣ್ಣಗಾಗಿತ್ತು. ಈಗ ಮಳೆ ಬಿದ್ದರೆ ವೆಟ್ ಮೋಡ್ ಹಾಕದೆ ಗೇಟು ದಾಟಲ್ಲ.

ಇಷ್ಟೆಲ್ಲ ಹೇಳಿದೆ ಅಂತ ಬೇಡ ಅನ್ನುತ್ತಿಲ್ಲ. ಬೆಳಗ್ಗೆ ಐದೂವರೆಗೆ, ಬೀದಿಯಲ್ಲಿ ಹಾಲಿನವನು ಬಿಟ್ಟರೆ ಯಾರೂ ಇಲ್ಲದಾಗ, ಬಟನ್ ಒತ್ತಿದರೆ ಆ ಐದು ಲೀಟರಿನ ಎಂಟು ಸಿಲಿಂಡರ್ ಒಮ್ಮೆ ಗುಡುಗಿ, ಅರ್ಧ ನಿಮಿಷ ಜೋರಾಗಿ ಉಸಿರಾಡಿ, ಆಮೇಲೆ ನಿಧಾನಕ್ಕೆ ಗುರುಗುಟ್ಟುತ್ತಾ ನೆಲೆಗೆ ಬರುತ್ತೆ ನೋಡಿ, ಅದು ಕಿವಿಗಿಂತ ಮೊದಲು ಎದೆಗೆ ಗೊತ್ತಾಗುತ್ತೆ. ನನ್ನ ಮಗಳು ಆ ಸದ್ದು ಕೇಳಿ ಹಾಸಿಗೆಯಿಂದ ಎದ್ದು ಬಂದು ಬರೀಗಾಲಲ್ಲಿ ಗೇಟಿನ ಹತ್ತಿರ ನಿಲ್ಲುತ್ತಾಳೆ. ನಾಲ್ಕು ವರ್ಷದಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ನೂರರ ಮೇಲೆ ಹೋಗಬೇಕಾಗಿಯೇ ಇಲ್ಲ, ಎಂಬತ್ತರಲ್ಲೇ ಅದರ ಸುಖ ಇದೆ.

ಸ್ಪ್ಯಾನರ್_ಬಟವಾಡಿ

ತುಮಕೂರಿನವನೇ, ಬಟವಾಡಿ ಕಡೆ ಗ್ಯಾರೇಜ್ ಇದೆ. ನಾನು ದಿನಾ ಮಸ್ಟಾಂಗ್ ಬಿಚ್ಚುವವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಹಳೇ ಗಾಡಿ ನೋಡುವ ಕಣ್ಣು ಎಲ್ಲಕ್ಕೂ ಒಂದೇ.

ಬೆಳಗ್ಗೆ ಹೋಗಿ ನೋಡಿ. "ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ" ಅಂತ ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿರುವ ಇಂಜಿನ್ ಮಾತ್ರ ತನ್ನ ಕಾಯಿಲೆ ತೋರಿಸುತ್ತೆ.

ಲಿಫ್ಟ್ ಮೇಲೆ ಏರಿಸದೆ ಈ ಕಾರು ತಗೊಳ್ಳಲೇಬೇಡಿ. ಕೋಲಾರದ ಸಾರ್ ಹೇಳಿದ ಹಾಗೆ ಹೊಟ್ಟೆ ಉಜ್ಜುತ್ತೆ, ಹಾಗಾಗಿ ಚೇಂಬರ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ), ಸೈಲೆನ್ಸರ್ ಪೈಪು, ಮುಂದಿನ ಅಡಿ ಕವರ್ ನೋಡಬೇಕು. ಗೀರು ಇದ್ದರೆ ಪರವಾಗಿಲ್ಲ. ಚೇಂಬರ್ ಒಳಗೆ ತಗ್ಗಿದ್ದರೆ, ಆಯಿಲ್ ಒಸರಿದ ಗುರುತಿದ್ದರೆ ಬಿಡಿ. ಈ ಇಂಜಿನ್‌ಗೆ ಒಂದು ಸಲಕ್ಕೆ ಸುಮಾರು 7.6 ಲೀಟರ್ ಆಯಿಲ್ ಬೇಕು, ಆಯಿಲ್ ಬದಲಾಯಿಸಿದ ಬಿಲ್‌ಗಳನ್ನು ಕೇಳಿ. 31,000 ಕಿಲೋಮೀಟರ್ ಅನ್ನುವುದಕ್ಕಿಂತ ವರ್ಷಕ್ಕೆ ಒಮ್ಮೆ ಆಯಿಲ್ ಬದಲಾಯಿಸಿದ್ದಾರಾ ಅನ್ನುವುದು ಮುಖ್ಯ. ನಿಂತ ಗಾಡಿ ಓಡಿದ ಗಾಡಿಗಿಂತ ಬೇಗ ಹಾಳಾಗುತ್ತೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2317 ಅಂತ ಇದ್ದರೆ 2017ರ 23ನೇ ವಾರ ಆದದ್ದು. ಟೈರಿನ ಮೇಲ್ಮೈ ಎಷ್ಟೇ ಚೆನ್ನಾಗಿ ಕಾಣಲಿ, ಅಷ್ಟು ಹಳೇ ರಬ್ಬರ್ ಈ ಶಕ್ತಿಗೆ ತಡೆಯಲ್ಲ. 19 ಇಂಚಿನ ಟೈರ್, ಮುಂದಿನದಕ್ಕಿಂತ ಹಿಂದಿನದು ಅಗಲ, ನಾಲ್ಕೂ ಹಾಕಿಸಿದರೆ ದೊಡ್ಡ ಖರ್ಚು. ಅದನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ.

ಚಾಸಿಸ್ ನಂಬರಿನಲ್ಲಿ 17 ಅಕ್ಷರ ಇರುತ್ತೆ. ಹತ್ತನೆಯದು ಮಾಡೆಲ್ ವರ್ಷ. ಜಿ ಅಂದರೆ 2016, ಎಚ್ ಅಂದರೆ 2017. ಗಾಜಿನ ಕೆಳಗೆ ಡ್ಯಾಶ್ ಮೇಲೆ ಇರುವ ನಂಬರು, ಬಾಗಿಲ ಕಂಬದ ಮೇಲಿನದು, ಆರ್‌ಸಿಯದು ಮೂರೂ ಒಂದೇ ಆಗಿರಬೇಕು. ಬೇಕಾದರೆ ಸ್ಕ್ಯಾನರ್ ಹಿಡಿದು ನಾನೂ ಬರುತ್ತೇನೆ, ಡೀಸೆಲ್ ಖರ್ಚು ಕೊಟ್ಟರೆ ಸಾಕು.

ಶಿಡ್ಲಘಟ್ಟ_ರೇಷ್ಮೆ

ಒಂದು ಸಣ್ಣ ಮಾತು. ಮಸ್ಟಾಂಗನ್ನು ಸುಮಾರು ಜನ ಮಸಲ್ ಕಾರ್ ಅನ್ನುತ್ತಾರೆ. ಹಳಬರ ಲೆಕ್ಕದಲ್ಲಿ ಅದು ಮಸಲ್ ಕಾರ್ ಅಲ್ಲ, ಪೋನಿ ಕಾರ್, ಅಂದರೆ ಅದಕ್ಕಿಂತ ಚಿಕ್ಕ ಗಾತ್ರದ ಸ್ಪೋರ್ಟಿ ಕಾರು. ಮಧ್ಯಮ ಗಾತ್ರದ ಮನೆ ಕಾರಿಗೆ ದೊಡ್ಡ ವಿ8 (ಎಂಟು ಸಿಲಿಂಡರ್) ಇಂಜಿನ್ ಕೂರಿಸಿದರೆ ಅದು ಮಸಲ್ ಕಾರ್, 1964ರ ಪಾಂಟಿಯಾಕ್ ಜಿಟಿಒ ಥರ. ಮಸ್ಟಾಂಗ್ ಕೂಡ ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದದ್ದು. ಆದರೆ ಅರ್ಧ ಶತಮಾನ ಇದನ್ನು ಬಲಗಡೆ ಸ್ಟೀರಿಂಗ್ ಇಟ್ಟು ಫ್ಯಾಕ್ಟರಿಯಲ್ಲಿ ಮಾಡಲೇ ಇಲ್ಲ, 2015ರ ಮಾಡೆಲ್ ಆಗಿ ಬಂದ ಆರನೇ ತಲೆಮಾರಿನಲ್ಲಿ ಮೊದಲ ಸಲ ಮಾಡಿದರು. ಆದ್ದರಿಂದಲೇ ನಮಗೆ ಸಿಕ್ಕಿತು. ಅಮೆರಿಕದ ವಿ8 ಬೇಕು, ಕಾಗದವೂ ಸರಿ ಇರಬೇಕು ಅಂದರೆ 2016ರಿಂದ ಇಲ್ಲಿ ಮಾರಿದ ಈ ಮಸ್ಟಾಂಗೇ ಸುಲಭದ ದಾರಿ.

ಗುಬ್ಬಿಗೇಟ್_ಕೊಬ್ಬರಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ.

ಚಾಲೆಂಜರ್ ಬ್ರೋಕರ್‌ಗೆ ಬಿಲ್ ಆಫ್ ಎಂಟ್ರಿ ಕೇಳಿದೆ. ಮೊದಲು "ಅದೆಲ್ಲ ಯಾಕೆ ಸಾರ್" ಅಂದ, ಆಮೇಲೆ ಫೋನೇ ಎತ್ತಲಿಲ್ಲ. ಎರಡು ದಿನ ಬೇಜಾರಾಗಿತ್ತು, ಸುಳ್ಳು ಹೇಳಲ್ಲ.

ಕೆಂಪು ಮಸ್ಟಾಂಗ್ ನೋಡೋಕೆ ಬಟವಾಡಿ ಅಣ್ಣ ಜೊತೆಗೇ ಬಂದರು. ಬಾನೆಟ್ ತಣ್ಣಗಿತ್ತು. ಹತ್ತನೇ ಅಕ್ಷರ ಎಚ್. ಮೂರೂ ಕಡೆ ನಂಬರ್ ಒಂದೇ. ಲಿಫ್ಟ್ ಮೇಲೆ ಏರಿಸಿದಾಗ ಅಡಿ ಕವರ್ ಒಂದು ಕಡೆ ಹರಿದಿತ್ತು, ಚೇಂಬರ್ ಚೆನ್ನಾಗಿತ್ತು. ಹಿಂದಿನ ಟೈರ್ 2022ರದು, ಮುಂದಿನ ಎರಡೂ 2017ರವು. ಅದನ್ನು ತೋರಿಸಿ ಮಾತಾಡಿದ್ದಕ್ಕೆ 51.5 ಲಕ್ಷಕ್ಕೆ ಒಪ್ಪಿದರು. ಫಾರ್ಮ್ 35 ಬರೋಕೆ ಇನ್ನೊಂದು ವಾರ ಬೇಕಂತೆ, ಅಲ್ಲಿಯ ತನಕ ಟೋಕನ್ ಮಾತ್ರ ಕೊಟ್ಟಿದ್ದೇನೆ.

ಮನೆಯಿಂದ ಬಿ.ಎಚ್. ರಸ್ತೆಗೆ ನಾಲ್ಕು ಹಂಪ್. ಮೂರು ಪರವಾಗಿಲ್ಲ, ಒಂದು ಮೊನಚಾಗಿದೆ, ಓರೆಯಾಗಿ ದಾಟೋಕೆ ಜಾಗ ಇದೆ. ತೊಂದರೆ ಇರುವುದು ನಮ್ಮ ಗೇಟಿನಲ್ಲೇ, ಇಳಿಜಾರು ಬಹಳ ಕಡಿದು. ಗುರುವಾರ ಮೇಸ್ತ್ರಿ ಬರುತ್ತಾರೆ, ಒಳಗಡೆಗೆ ಎಳೆದು ಉದ್ದ ಮಾಡಿಸುತ್ತಿದ್ದೇನೆ. ಕೋಲಾರದ ಸಾರ್, ನಿಮ್ಮ ಗೇಟಿನ ಇಳಿಜಾರು ಎಷ್ಟು ಅಡಿ ಉದ್ದ ಇದೆ?

ಅಂತರಗಂಗೆ_ವಿ8

ಒಂದಡಿ ಎತ್ತರಕ್ಕೆ ಹತ್ತಡಿ ಉದ್ದ ಬಿಟ್ಟಿದ್ದೇನೆ. ಮೇಲ್ಗಡೆ ಅಂಚು ಚೂಪಾಗಿ ಬಿಡಬೇಡಿ, ದುಂಡಗೆ ಮಾಡಿಸಿ, ನಡುಹೊಟ್ಟೆ ತಗಲುವುದು ಅಲ್ಲೇ. ಸಿಮೆಂಟು ಹಾಕುವ ಮುಂಚೆ ಹಲಗೆ ಇಟ್ಟು ಅಳತೆ ನೋಡಲಿ ಮೇಸ್ತ್ರಿ. ಗಾಡಿ ಮನೆಗೆ ಬಂದ ದಿನ ಬೆಳಗಿನ ಸ್ಟಾರ್ಟ್ ಸದ್ದು ರೆಕಾರ್ಡ್ ಮಾಡಿ ಇಲ್ಲಿ ಹಾಕಿ, ಮಗಳಿಗೆ ಕೇಳಿಸಬೇಕು.