ಸಹಾಯ ಬೇಕು: ಹಿಮದ ಜಾರು ದಿಣ್ಣೆಗಳಿಗೆ ಯಾವ ಟ್ಯಾಗ್?

ನಮಸ್ಕಾರ. ಜಯನಗರದ ಮನೆಯಲ್ಲಿ ಕುಳಿತು, ಅಕ್ಕ ನೆಲೆಸಿರುವ ನಾರ್ವೆಯ ಓಸ್ಲೋ ನಗರದ ಹಿಮಜಾರು ಹಾದಿಗಳನ್ನು ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತಿಸುತ್ತಿರುವ ನನಗೆ ಟ್ಯಾಗ್ ಬಗ್ಗೆ, ಅಂದರೆ ಜಾಗದ ಬಗೆಯನ್ನು ನಕ್ಷೆಗೆ ತಿಳಿಸುವ ಗುರುತಿನ ಬಗ್ಗೆ, ಒಂದು ಗೊಂದಲ ಎದುರಾಗಿದೆ. ಸುಮಾರು 2 ಕಿ.ಮೀ. ಉದ್ದದ ಕೋರ್ಕೆಟ್ರೆಕ್ಕೆರೆನ್ ಅಧಿಕೃತ ಜಾರುಬಂಡಿ ಹಾದಿಯಾದ್ದರಿಂದ ಅದಕ್ಕೆ, ಜಾರುಬಂಡಿ ಹಾದಿಯೆಂದು ಸೂಚಿಸುವ ‘ಪಿಸ್ಟ್:ಟೈಪ್=ಸ್ಲೆಡ್’ ಟ್ಯಾಗ್ ಸರಿಹೊಂದುತ್ತದೆ (‘ಸ್ಲೇ’ ಎಂಬುದು ಪ್ರಾಣಿಗಳು ಎಳೆಯುವ ಹಿಮಗಾಡಿಗೆ; ಮೊದಲು ನಾನೂ ಇಲ್ಲಿ ಎಡವಿದ್ದೆ). ಆದರೆ ಅಕ್ಕನ ಮನೆಯ ಹಿಂದಿನ ದಿಣ್ಣೆಯಲ್ಲಿ, ಊರಿನಲ್ಲಿ ನಾವು ಅಡಿಕೆ ಹಾಳೆಯ ಮೇಲೆ ಕುಳಿತು ಜಾರುತ್ತಿದ್ದಂತೆಯೇ, ಮಕ್ಕಳು ಪ್ಲಾಸ್ಟಿಕ್ ತಟ್ಟೆಯ ಮೇಲೆ ಕುಳಿತು ಜಾರುತ್ತಾರೆ. ಅಲ್ಲಿ ಫಲಕವಿಲ್ಲ, ಬೇಲಿಯಿಲ್ಲ, ನೋಡಿಕೊಳ್ಳುವವರೂ ಇಲ್ಲ. ಅದಕ್ಕೂ ಅದೇ ಟ್ಯಾಗ್ ಹಾಕಿ ‘ಇನ್‌ಫಾರ್ಮಲ್=ಯೆಸ್’ (ಅಂದರೆ ಅನಧಿಕೃತ) ಎಂದು ಸೇರಿಸಿದರೆ ಸಾಕೇ, ಇಲ್ಲವೇ ಬರಿಯ ಹುಲ್ಲುಗಾವಲೆಂದೇ ಬಿಡಬೇಕೇ? ಹೆಸರಿನ ಜಾಗದಲ್ಲಿ ‘ಜಾರುವ ದಿಣ್ಣೆ’ ಎಂದು ಬರೆಯುವುದಂತೂ ನನಗೆ ಒಪ್ಪಿಗೆಯಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.