24 ವಾರದ ಗರ್ಭಿಣಿಗೆ ಹೆಪಟೈಟಿಸ್ ಬಿ ಪಾಸಿಟಿವ್: ಮಗುವಿಗೆ ಅಂಟದ ಹಾಗೆ ಏನೇನು ಮಾಡಿಸಬೇಕು?

ಹಾನುಬಾಳು ತೋಟ (ಪ್ರಶ್ನೆ)
ಕಾಫಿ ತೋಟದ ಲೈನ್ ಮನೆಯಲ್ಲಿರೋ ಹೆಣ್ಣುಮಗಳು, ಚೊಚ್ಚಲ ಬಸುರಿ. ತಾಯಿ ಕಾರ್ಡಿನಲ್ಲಿ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಪತ್ತೆಯ ರಕ್ತ ಪರೀಕ್ಷೆ) ಪಾಸಿಟಿವ್ ಅಂತ ಬರೆದಿದ್ದಾರೆ. ಕಣ್ಣು ಹಳದಿ ಇಲ್ಲ, ಊಟ ಸೇರುತ್ತೆ. ಮನೆಯವರು ಕಾಮಾಲೆ ಔಷಧಿ ಕುಡಿಸೋಕೆ ಹೊರಟಿದ್ದಾರೆ, ಅತ್ತೆ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಬಾಣಂತನಕ್ಕೆ ಕಡೂರಿನ ತವರಿಗೆ ಹೋಗ್ತಾರೆ. ಯಾವಾಗ ಏನು ಮಾಡಿಸಬೇಕು? ಎದೆಹಾಲು ಕೊಡಬಹುದಾ?

ಲ್ಯಾಬ್ ಬೆಂಚು
ಮೊದಲು ಆ ಕಾಮಾಲೆ ಔಷಧಿ ತಡೆಯಿರಿ. ಕಣ್ಣು ಹಳದಿಯಾಗದೆಯೂ ಈ ವೈರಸ್ ವರ್ಷಗಟ್ಟಲೆ ಲಿವರ್‌ನಲ್ಲಿ ಕೂತಿರುತ್ತೆ. ಏನು ಬೆರೆಸಿದ್ದಾರೋ ಗೊತ್ತಿಲ್ಲದ ಕಷಾಯ ಆ ಲಿವರ್‌ಗೇ ಪೆಟ್ಟು ಕೊಡಬಹುದು. ಪಥ್ಯ ಅಂತ ತುಪ್ಪ, ಮೊಟ್ಟೆ ಬಿಡಿಸಬೇಡಿ. ಕಬ್ಬಿಣದ ಮಾತ್ರೆಯೂ ನಿಲ್ಲಬಾರದು.

ಎಚ್‌ಬಿಎಸ್‌ಎಜಿ ವೈರಸ್ ಇದೆ ಅಂತಷ್ಟೇ ಹೇಳುತ್ತೆ. ಎಷ್ಟಿದೆ ಅಂತ ತಿಳಿಯೋದು ಎಚ್‌ಬಿವಿ ಡಿಎನ್‌ಎ ಪರೀಕ್ಷೆಯಿಂದ. ಅದರ ರಿಪೋರ್ಟ್ 28ನೇ ವಾರಕ್ಕೆ ಮುಂಚೆ ಕೈಗೆ ಬರಬೇಕು, ಹಾಗಾಗಿ ಈ ವಾರವೇ ಹೊರಡಿ. ಜೊತೆಗೆ ಎಚ್‌ಬಿಇಎಜಿ (ವೈರಸ್ ಎಷ್ಟು ಚುರುಕಾಗಿದೆ ಅಂತ ಸೂಚಿಸುತ್ತೆ), ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾಗಿದೆಯಾ ಅಂತ ನೋಡೋದು), ಪ್ಲೇಟ್‌ಲೆಟ್, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ). ಡಿಎನ್‌ಎ ಒಂದು ಎಂಎಲ್‌ಗೆ 2 ಲಕ್ಷ ಐಯು (ಅಳತೆಯ ಯೂನಿಟ್) ದಾಟಿದ್ದರೆ ವೈರಸ್ ಇಳಿಸೋ ಟೆನೊಫೊವಿರ್ 300 ಮಿಗ್ರಾಂ, ದಿನಕ್ಕೊಂದು ಮಾತ್ರೆ, 28ನೇ ವಾರದಿಂದ ಕೊಡ್ತಾರೆ. ಹೆರಿಗೆ ಹೊತ್ತಿಗೆ ವೈರಸ್ ಇಳಿಯೋಕೆ ಅಷ್ಟು ವಾರ ಬೇಕೇ ಬೇಕು. 37ನೇ ವಾರದಲ್ಲಿ ಓಡಾಡಿದರೆ ತಡವಾಗುತ್ತೆ. ಕ್ರಿಯಾಟಿನಿನ್ ಯಾಕೆ ಅಂದರೆ ಈ ಮಾತ್ರೆ ಕಿಡ್ನಿ ಮೂಲಕ ಹೋಗುತ್ತೆ.

2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಹಾಸನದ ಹಿಮ್ಸ್ ಸರ್ಕಾರಿ ಆಸ್ಪತ್ರೆಗೆ ಹೋದಾಗ ಕಾರ್ಯಕ್ರಮದ ಹೆಸರು ಹೇಳಿಯೇ ಕೇಳಿ. ಹೆರಿಗೆಯಾದ ಮೇಲೆ ಮಾತ್ರೆ ತಾವಾಗಿ ಬಿಡಬಾರದು. ಬಿಟ್ಟಾಗ ವೈರಸ್ ಮತ್ತೆ ಎದ್ದು ಎಸ್‌ಜಿಪಿಟಿ ಏರಿಬಿಡಬಹುದು. ಡಾಕ್ಟರು ನಿಲ್ಲಿಸಿದರೂ 6 ತಿಂಗಳು ಆಗಾಗ ಎಸ್‌ಜಿಪಿಟಿ ನೋಡಿಸ್ತಿರಬೇಕು.

ಹೆರಿಗೆ ವಾರ್ಡ್
ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಮಗುವಿನ ಮೊದಲ 24 ಗಂಟೆ. ಹುಟ್ಟುವಾಗ ಅಂಟಿದರೆ 10ರಲ್ಲಿ 9 ಮಕ್ಕಳಿಗೆ ಅದು ಉಳಿದೇಬಿಡುತ್ತೆ. ದೊಡ್ಡವರಿಗೆ ಹೊಸದಾಗಿ ಅಂಟಿದರೆ ಹಾಗೆ ಉಳಿಯೋದು ನೂರಕ್ಕೆ 5ಕ್ಕಿಂತ ಕಡಿಮೆ ಜನರಲ್ಲಿ.

ಮಗುವಿಗೆ ಎರಡು ಚುಚ್ಚುಮದ್ದು, ಆದರೆ 12 ಗಂಟೆಯೊಳಗೇ. ಒಂದು ತೊಡೆಗೆ ಹೆಪಟೈಟಿಸ್ ಬಿ ಲಸಿಕೆ 0.5 ಎಂಎಲ್, ಇನ್ನೊಂದು ತೊಡೆಗೆ ಹೆಪಟೈಟಿಸ್ ಬಿ ಇಮ್ಯುನೋಗ್ಲೋಬ್ಯುಲಿನ್. ಇದನ್ನು ಎಚ್‌ಬಿಐಜಿ ಅಂತ ಬರೀತಾರೆ, ಸಾಮಾನ್ಯವಾಗಿ 100 ಐಯು. ಲಸಿಕೆ ಕೆಲಸ ಶುರು ಮಾಡೋಕೆ ದಿನ ಹಿಡಿಯುತ್ತೆ. ಅಲ್ಲಿತನಕ ಕಾಯೋದು ಎಚ್‌ಬಿಐಜಿ.

ತಪ್ಪೋದು ಎಲ್ಲಿ ಅಂದರೆ, ಎಚ್‌ಬಿಐಜಿ ಎಲ್ಲ ಆಸ್ಪತ್ರೆಯ ಫ್ರಿಜ್‌ನಲ್ಲೂ ಇರಲ್ಲ. ಮಗು ಹುಟ್ಟಿದ ಮೇಲೆ ರಾತ್ರಿ ಹುಡುಕಿದರೆ ಸಿಗಲ್ಲ. ಹೆರಿಗೆ ತವರಲ್ಲಾದರೆ 34ನೇ ವಾರಕ್ಕೇ ಆ ಕಡೆಯ ಆಸ್ಪತ್ರೆಯಲ್ಲಿ ವಿಚಾರಿಸಿ. ಕಡೂರಲ್ಲಿ ಖಾತ್ರಿ ಆಗದಿದ್ದರೆ ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಹೆರಿಗೆ ಅಲ್ಲೇ ಅಂತ ನಿಶ್ಚಯಿಸಿ. ಹೊರಗಿಂದ ತರಿಸಿದರೆ 2ರಿಂದ 8 ಡಿಗ್ರಿ ಶೀತದಲ್ಲಿರಬೇಕು, ಮಂಜುಗಡ್ಡೆಗೆ ನೇರ ತಾಗಬಾರದು. ಹೆಪ್ಪುಗಟ್ಟಿದ್ದು ಹಾಳು.

ಇನ್ನೊಂದು, 10 ಡೋಸಿನ ಲಸಿಕೆ ವಯಲ್ (ಸೀಸೆ) ಒಂದು ಮಗುವಿಗೋಸ್ಕರ ಒಡೆಯಲ್ಲ, ಲಸಿಕೆ ದಿನ ಬನ್ನಿ ಅಂತ ಕೆಲವು ಕಡೆ ಹೇಳೋದುಂಟು. ಒಡೆದ ವಯಲನ್ನು ಸರಿಯಾಗಿ ಇಟ್ಟರೆ 28 ದಿನ ಬಳಸಬಹುದು ಅಂತ ಸರ್ಕಾರದ ನಿಯಮವೇ ಇದೆ. ಭಾನುವಾರವಾಗಲಿ, ನಡುರಾತ್ರಿಯಾಗಲಿ, ಗಟ್ಟಿಯಾಗಿ ಕೇಳಿ ಹಾಕಿಸಿ. ಮಗು 2 ಕೆಜಿಗಿಂತ ಕಡಿಮೆ ಇದ್ದರೂ ಮುಂದೂಡಬಾರದು. ಆಮೇಲೆ 6, 10, 14 ವಾರಕ್ಕೆ ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಲಸಿಕೆಯೂ ಸೇರಿರೋ ಚುಚ್ಚುಮದ್ದು.

ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಎದೆಹಾಲು ಧಾರಾಳವಾಗಿ ಕೊಡಲಿ, ಟೆನೊಫೊವಿರ್ ತಗೊಳ್ತಿದ್ದರೂ ಸರಿ. ತೊಟ್ಟು ಬಿರಿದು ರಕ್ತ ಬಂದರೆ ಮಾತ್ರ ತೋರಿಸಿ ವಾಸಿ ಮಾಡಿಸಿಕೊಳ್ಳಲಿ. ಡಿಎನ್‌ಎ ರಿಪೋರ್ಟ್ ತಾಯಿ ಕಾರ್ಡಿಗೇ ಪಿನ್ ಮಾಡಿ ಕಳಿಸಿ. ತವರಿನ ಆಸ್ಪತ್ರೆಗೆ ಇವರ ಹಿಂದಿನ ವಿಷಯ ಏನೂ ಗೊತ್ತಿರಲ್ಲ.

ಮಲ್ನಾಡ್ ಆರೋಗ್ಯ
ತಟ್ಟೆ ಲೋಟ ಒಟ್ಟಿಗೇ ಇಡೋಕೆ ಹೇಳಿ. ಎಂಜಲಿನಿಂದ, ಒಂದೇ ಪಾತ್ರೆಯ ಊಟದಿಂದ, ಕೆಮ್ಮಿನಿಂದ ಇದು ಹರಡಲ್ಲ. ಹರಡೋದು ರಕ್ತದಿಂದ, ಗಂಡ ಹೆಂಡಿರ ಸಂಪರ್ಕದಿಂದ. ಬೇರೆ ಇಡಬೇಕಾದ್ದು ಬ್ಲೇಡು, ಹಲ್ಲುಜ್ಜೋ ಬ್ರಷ್, ನೈಲ್ ಕಟರ್. ಒಂದೇ ಸೂಜಿಯಲ್ಲಿ ಇಬ್ಬರಿಗೆ ಕಿವಿ ಮೂಗು ಚುಚ್ಚಿಸಬಾರದು. ಮುಡಿ ತೆಗೆಸೋವಾಗ ಹೊಸ ಬ್ಲೇಡು ಕಣ್ಣೆದುರೇ ಬಿಚ್ಚಲಿ. ಒಣಗಿದ ರಕ್ತದಲ್ಲೂ ವೈರಸ್ 7 ದಿನ ಬದುಕಿರುತ್ತೆ. ನೆಲಕ್ಕೆ ರಕ್ತ ಬಿದ್ದರೆ ಗ್ಲೌಸ್ ಹಾಕಿ, 1 ಪಾಲು ಬ್ಲೀಚ್‌ಗೆ 9 ಪಾಲು ನೀರು ಬೆರೆಸಿ ಸುರಿದು, 10 ನಿಮಿಷ ಬಿಟ್ಟು ಒರೆಸಿ.

ಗಂಡ, ಅತ್ತೆ, ಮಾವ ಎಲ್ಲರೂ ಎಚ್‌ಬಿಎಸ್‌ಎಜಿ ನೋಡಿಸಿಕೊಳ್ಳಲಿ. ನೆಗೆಟಿವ್ ಬಂದವರಿಗೆ 0, 1, 6 ತಿಂಗಳಿಗೆ ಲಸಿಕೆ, ತೋಳಿಗೇ. ಕುಂಡೆಗೆ ಹಾಕಿದರೆ ಕೊಬ್ಬಿನಲ್ಲಿ ಉಳಿದು ಸರಿಯಾಗಿ ಹತ್ತಲ್ಲ. ಮೂರು ಡೋಸ್ ಮುಗಿಯೋವರೆಗೆ ಗಂಡ ಕಾಂಡೋಮ್ ಬಳಸಲಿ. ಮತ್ತೆ, ಈ ವಿಷಯ ಲೈನಿಗೆಲ್ಲ ಗೊತ್ತಾಗೋದು ಬೇಡ. ತೋಟದ ಕೆಲಸದಿಂದ ಯಾರಿಗೂ ಅಂಟಲ್ಲ, ಆಕೆಯನ್ನು ಕೆಲಸದಿಂದ ದೂರ ಇಡೋಕೆ ಕಾರಣವೇ ಇಲ್ಲ.

ಹಾನುಬಾಳು ತೋಟ
ತುಂಬ ಉಪಕಾರ. ಸೋಮವಾರವೇ ಹಾಸನಕ್ಕೆ ಕಳಿಸ್ತೀವಿ. ಮಗುವಿಗೆ ಅಂಟಿಲ್ಲ ಅಂತ ಯಾವಾಗ ಗೊತ್ತಾಗುತ್ತೆ?

ಲ್ಯಾಬ್ ಬೆಂಚು
9ರಿಂದ 12 ತಿಂಗಳ ನಡುವೆ. ಅದಕ್ಕೂ ಮುಂಚೆ ಮಾಡಿಸಿದರೆ ಎಚ್‌ಬಿಐಜಿಯ ಪ್ರತಿಕಾಯವೇ ಲೆಕ್ಕಕ್ಕೆ ಸಿಕ್ಕಿ ದಾರಿ ತಪ್ಪಿಸುತ್ತೆ. ಎಚ್‌ಬಿಎಸ್‌ಎಜಿ, ಆಂಟಿ ಎಚ್‌ಬಿಎಸ್ (ವೈರಸ್‌ನಿಂದ ಕಾಯೋ ಪ್ರತಿಕಾಯದ ಪರೀಕ್ಷೆ) ಎರಡೂ ಮಾಡಿಸಿ. ಮೊದಲನೆಯದು ನೆಗೆಟಿವ್, ಎರಡನೆಯದು 10 ಅಥವಾ ಹೆಚ್ಚಿದ್ದರೆ ಮಗು ಪಾರು. ಎರಡನೆಯದು 10ಕ್ಕಿಂತ ಕಡಿಮೆ ಬಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ ಲಸಿಕೆ ಮತ್ತೆ ಹಾಕಿಸಬೇಕು.