ಮುಳಶಿಯ ನೀರು ಯಾವ ನದಿಯದು?

ಭೀಮಾತೀರದವ, ಪಿಂಪ್ರಿ:
ಪುಣೆ ಹತ್ರದ ಮುಳಶಿ ಡ್ಯಾಮಿನ ಫೋಟೊ ಎಲ್ಲಾರೂ ಹಾಕಾಕತ್ತೀರಿ. ಚಂದ ಅದ, ಖರೆ. ಆದ್ರ ಆ ನೀರು ಮುಳಾ ನದ್ಯಾಗ ಹರದು, ಭೀಮಾ ಕೂಡಿ, ನಮ್ಮ ಇಂಡಿ, ಅಫಜಲಪುರದ ಕಡೆ ಬರೂದು. 1927ರಿಂದ ಅದನ್ನ ಘಟ್ಟದ ಕೆಳಗ ಇಳಿಸಿ, ಕೊಂಕಣದ ಭಿರಾದಾಗ ಕರೆಂಟ್ ತಗದು, ಪಶ್ಚಿಮಕ್ಕ ಸಮುದ್ರದ ಕಡೆ ಹರಿಯೂ ಕುಂಡಲಿಕಾ ನದಿಗೆ ಬಿಡ್ತಾರ. ಯಾರೂ ಕೇಳಲೇ ಇಲ್ಲೇನು?

ಕೋಥ್ರೂಡ್ ಅಕ್ಕ:
ಕೇಳಿದ್ದಾರಪ್ಪಾ. 1921ರಲ್ಲೇ ಸೇನಾಪತಿ ಬಾಪಟರ ಜೊತೆ ಊರವರು ಈ ಡ್ಯಾಮಿನ ವಿರುದ್ಧ ಸತ್ಯಾಗ್ರಹಕ್ಕೆ ಕೂತರು, ಜೈಲಿಗೂ ಹೋದರು. ಆದರೂ ಅವರ ಗದ್ದೆ ಉಳಿಯಲಿಲ್ಲ.

ನಿವೃತ್ತ ಇಂಜಿನಿಯರ್, ಮುಲುಂಡ್:
ಮುಳಶಿಯಿಂದ ಭಿರಾಕ್ಕೆ ಸುಮಾರು 500 ಮೀಟರ್ ಇಳಿತ. ಪೂರ್ವಕ್ಕೆ ಹರಿದರೆ ಅದೇ ನೀರಿನಿಂದ ಇಷ್ಟು ವಿದ್ಯುತ್ ಸಿಗದು. ಸಂಜೆ ಮುಂಬೈಯ ಬೇಡಿಕೆ ಏರಿದಾಗ ಕಲ್ಲಿದ್ದಲು ಘಟಕ ಅಷ್ಟು ಬೇಗ ಏಳುವುದಿಲ್ಲ, ನೀರಿನ ಟರ್ಬೈನ್ ಕೆಲವೇ ನಿಮಿಷದಲ್ಲಿ ಓಡುತ್ತದೆ. ಕುಂಡಲಿಕಾ ದಡದವರಿಗೆ ಬೇಸಿಗೆಯಲ್ಲೂ ನೀರು ಸಿಗುತ್ತದೆ, ಅದನ್ನೂ ನೋಡಿ.

ಕೋಲಾಡ್‌ಗೆ ಹೋಗುವವ:
ಸರ್, ಆ ನೀರು ಬರುವ ರೀತಿ ನೋಡಿದ್ದೀರಾ? ಬೆಳಿಗ್ಗೆ ಮೇಲಿಂದ ಬಿಟ್ಟರಷ್ಟೇ ಕುಂಡಲಿಕಾ ದಡದ ಕೋಲಾಡ್‌ನಲ್ಲಿ ರಾಫ್ಟಿಂಗ್. ದಡದಲ್ಲಿ ಕಾಯುತ್ತಾ ನಿಂತರೆ ಬಂಡೆಗಳು ಒಂದೊಂದಾಗಿ ಮುಳುಗುತ್ತವೆ. ಬಿಡುವುದು ನಿಂತ ಮೇಲೆ ಅವೇ ಬಂಡೆ ಪಾಚಿ ಸಮೇತ ಎದ್ದು ಬಿಸಿಲಿಗೆ ಒಣಗುತ್ತವೆ. ಆ ಅಂಚಿನಲ್ಲಿ ಮೀನು ಮೊಟ್ಟೆಯಿಟ್ಟಿದ್ದರೆ ಮುಗಿಯಿತು. ಮಳೆಗೆ ಏರಿದ ಹೊಳೆ ಹೀಗೆ ದಿನಾ ಏರಿ ಇಳಿಯುವುದಿಲ್ಲ. ಜೊತೆಗೆ ಮರಳು, ಹೂಳು ಡ್ಯಾಮಿನಲ್ಲೇ ಉಳಿಯುತ್ತೆ.

ನಿವೃತ್ತ ಇಂಜಿನಿಯರ್, ಮುಲುಂಡ್:
ಇದು ಸರಿಯಾದ ಆಕ್ಷೇಪ. ಟರ್ಬೈನುಗಳನ್ನು ಹಂತಹಂತವಾಗಿ ನಿಲ್ಲಿಸಿದರೆ ಏರಿಳಿತ ತಗ್ಗುತ್ತದೆ. ಸ್ವಲ್ಪ ಆದಾಯ ಹೋಗುತ್ತದೆ, ಹೋಗಲಿ.

ಭೀಮಾತೀರದವ, ಪಿಂಪ್ರಿ:
ಅದು ಕೆಳಗಿನ ನದಿ ಮಾತಾತು. ಮುಳಾದ ಗತಿ ಏನ್ರಿ? ಹಿಂಗ ನೀರು ತಿರುಗಿಸೂ ಇನ್ನೊಂದು ಡ್ಯಾಮು ಕೊಯ್ನಾದಿಂದ ಪಶ್ಚಿಮಕ್ಕ ವರ್ಷಕ್ಕ 67.5 ಟಿಎಂಸಿ ಅಂತ, ಕೃಷ್ಣಾ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಮಿತಿ ಹಾಕ್ತು. ಅದು ವರ್ಷದ ಲೆಕ್ಕ. ಮೇ ತಿಂಗಳದಾಗ ನದಿಯೊಳಗ ಎಷ್ಟು ಇರಬೇಕು ಅನ್ನೂದು ಬ್ಯಾರೆ ಪ್ರಶ್ನೆ. ಗಂಗಾದ ಮೇಲ್ಭಾಗಕ್ಕ ಕೇಂದ್ರ 2018ರಾಗ ನಿಯಮ ಮಾಡೇತಿ: ತಿಂಗಳ ಸರಾಸರಿ ಹರಿವಿನಾಗ ಚಳಿಗಾಲಕ್ಕ ಶೇ. 20, ಮಳಿಗಾಲಕ್ಕ ಶೇ. 30 ಬಿಡಲೇಬೇಕು. ನಮ್ಮ ಹೊಳಿಗೂ ಹಂಗ ಬೇಕು.

ಕೋಥ್ರೂಡ್ ಅಕ್ಕ:
ಬೇಕೇ ಬೇಕು. ಆದರೆ ಇಂಡಿ ಒಣಗಿದ್ದಕ್ಕೆ ಮುಳಶಿಯೊಂದನ್ನೇ ದೂರಬೇಡ ತಮ್ಮಾ, ನಡುವೆ ಭೀಮಾಕ್ಕೆ ಕಟ್ಟಿದ ಉಜನಿ ಡ್ಯಾಮ್ ಇದೆ, ಸೊಲ್ಲಾಪುರದ ಕಬ್ಬಿದೆ. ಮುಳಶಿಯಲ್ಲಿ ಬಿಟ್ಟ ನೀರು ಉಜನಿ ದಾಟಿ ಬರಬೇಕಾದರೆ ಅಲ್ಲಿಗೂ ಇದೇ ನಿಯಮ ಬೇಕು. ಎರಡನ್ನೂ ಒಟ್ಟಿಗೇ ಕೇಳೋಣ.